ನೆವಾಡಾದ ವ್ಯಾಲಿ ಆಫ್ ಫೈರ್: ಜೂನ್‌ನಲ್ಲಿ ಹೋಗಬಹುದೇ? ಬಾದಾಮಿ ಕಂಡವರಿಗೆ ಅಲ್ಲಿ ಹೊಸತೇನಿದೆ?

ಮಾಳಮಡ್ಡಿ ಮಾಸ್ತರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಮತ್ತು ಅಳಿಯಂದಿರು ಲಾಸ್ ಏಂಜಲೀಸ್ ಬಳಿ ನೆಲೆಸಿದ್ದಾರೆ. ಬರುವ ಏಪ್ರಿಲ್ ಮೊದಲ ವಾರದಲ್ಲಿ ನಾನು ಮತ್ತು ನಮ್ಮ ಮನೆಯವರು ಅಲ್ಲಿಗೆ ಹೊರಟು, ಸೆಪ್ಟೆಂಬರ್‌ವರೆಗೆ ಅವರೊಡನೆ ಇರುವವರಿದ್ದೇವೆ. ಜೂನ್ ಮಧ್ಯದಲ್ಲಿ ಮೊಮ್ಮಕ್ಕಳ ಶಾಲೆಗೆ ರಜೆ ಬಿದ್ದ ಕೂಡಲೇ ಎಲ್ಲರೂ ಕಾರಿನಲ್ಲಿ ಲಾಸ್ ವೇಗಸ್‌ಗೆ ಹೋಗಿ ತಂಗಬೇಕು, ಅದರಲ್ಲಿ ಒಂದು ಪೂರ್ತಿ ದಿನವನ್ನು ವ್ಯಾಲಿ ಆಫ್ ಫೈರ್ ಎಂಬ ಉದ್ಯಾನಕ್ಕೆ ಮೀಸಲಿಡಬೇಕು ಎಂಬುದು ಅಳಿಯಂದಿರ ಆಲೋಚನೆ. ಅವರು ಕಳಿಸಿದ ಚಿತ್ರಗಳಲ್ಲಿ ಕೆಂಪು, ಹಳದಿ, ಬಿಳಿ ಪಟ್ಟೆಗಳು ಬಳುಕಿಕೊಂಡು ಹೋಗುವ ಒಂದು ಬಂಡೆಯ ಇಳಿಜಾರು, ಸೊಂಡಿಲು ಇಳಿಬಿಟ್ಟ ಆನೆಯನ್ನು ಹೋಲುವ ಒಂದು ಕಮಾನು ಮತ್ತು ತೂತುಗಳಿಂದಲೇ ತುಂಬಿದ ಗುಡ್ಡಗಳಿವೆ.

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಗಾಳಿ ಕೊರೆದ ಬಂಡೆ, ಅಣಬೆ ಬಂಡೆ, ಮರಳುದಿಬ್ಬ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದಿದ್ದೇನೆಯೇ ಹೊರತು ಮರುಭೂಮಿಯನ್ನು ಒಮ್ಮೆಯೂ ಕಂಡವನಲ್ಲ. ಆದ್ದರಿಂದ ನನಗೆ ಉತ್ಸಾಹವೇನೋ ಇದೆ. ಆದರೆ ಎರಡು ಚಿಂತೆಗಳಿವೆ. ಮೊದಲನೆಯದು ಜೂನ್ ತಿಂಗಳ ಬಿಸಿಲು. ಎರಡನೆಯದು ನಮ್ಮ ಮನೆಯವರ ಮೊಣಕಾಲು ನೋವು. ಅವರು ಸಮತಟ್ಟಾದ ನೆಲದಲ್ಲಿ ಅರ್ಧ ತಾಸು ನಡೆಯಬಲ್ಲರು, ಮೆಟ್ಟಿಲು ಇಳಿಯುವುದು ಮಾತ್ರ ಕಷ್ಟ.

ಇದಲ್ಲದೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಮದುವೆಯಾದಾಗಿನಿಂದ ಬನಶಂಕರಿ ಜಾತ್ರೆಗೆಂದು ಬಾದಾಮಿಗೆ ಹೋಗುತ್ತಲೇ ಇದ್ದೇವೆ, ಕೆಂಪು ಮರಳುಗಲ್ಲನ್ನು ಕಣ್ತುಂಬ ನೋಡಿದ್ದೇವೆ, ಅದೇ ಕಲ್ಲನ್ನು ನೋಡಲು ಸಮುದ್ರ ದಾಟಿ ಮರುಭೂಮಿಗೆ ಏಕೆ ಹೋಗಬೇಕು ಎಂದು ಅವರ ತಕರಾರು. ಅಲ್ಲಿಗೆ ಹೋಗಿ ಬಂದವರು ಅಥವಾ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಗುರುಗಳೇ, ಕೆಲಸದ ನಿಮಿತ್ತ ನಾನು ಕೆಲವು ವರ್ಷ ಲಾಸ್ ವೇಗಸ್‌ನಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ತಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ, ಜೂನ್ ಬೇಡ.

ಧಾರವಾಡದ ಏಪ್ರಿಲ್, ಗದಗಿನ ಮೇ ತಿಂಗಳ ಬಿಸಿಲು ಕಂಡವರಿಗೆ ಇದೇನು ಮಹಾ ಎಂದು ಅನ್ನಿಸುವುದು ಸಹಜ. ಆದರೆ ಅಲ್ಲಿ ಬೇಸಿಗೆಯಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟುವುದು ದಿನನಿತ್ಯದ ಮಾತು, ಕೆಲವೊಮ್ಮೆ ಅದು 49ರವರೆಗೂ ಏರುತ್ತದೆ. ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಗಾಳಿಯಲ್ಲಿ ತೇವವಿಲ್ಲದ್ದರಿಂದ ಬೆವರು ಅಂಗಿಗೆ ತಾಗುವ ಮೊದಲೇ ಆರಿಹೋಗುತ್ತದೆ. ದೇಹ ನೀರು ಕಳೆದುಕೊಳ್ಳುತ್ತಿದೆ ಎಂಬುದು ತಲೆ ಸುತ್ತುವವರೆಗೂ ತಿಳಿಯುವುದಿಲ್ಲ. ಬೆಳಗಿನಿಂದ ಕಾದ ಬಂಡೆಗಳು ಎರಡೂ ಬದಿಯಿಂದ ಝಳ ಹೊಡೆಯುತ್ತವೆ. ನೆರಳು ಕೊಡುವಂಥ ಮರ ದಾರಿಯಲ್ಲಿ ಎಲ್ಲಿಯೂ ಇಲ್ಲ, ಮೊಣಕಾಲೆತ್ತರದ ಕುರುಚಲು ಗಿಡ ಮತ್ತು ಕಳ್ಳಿ ಮಾತ್ರ. ಈ ಕಾರಣದಿಂದಲೇ ಉದ್ಯಾನದವರು ಹಲವು ಕಾಲುಹಾದಿಗಳನ್ನು ಬೇಸಿಗೆಯಲ್ಲಿ, ಸೆಪ್ಟೆಂಬರ್ ಕೊನೆಯವರೆಗೆ, ಮುಚ್ಚಿಯೇ ಬಿಡುತ್ತಾರೆ. ಅಳಿಯಂದಿರು ಕಳಿಸಿದ ಪಟ್ಟೆಬಂಡೆ ಫೈರ್ ವೇವ್ ಎಂಬ ಜಾಗದ್ದು. ಆ ಹಾದಿಯೂ ಮುಚ್ಚುವ ಪಟ್ಟಿಯಲ್ಲಿದೆ. ಜೂನ್ ಮಧ್ಯದಲ್ಲಿ ಹೋದರೆ ಯಾವ ಚಿತ್ರ ನೋಡಿ ಹೊರಟಿರೋ ಅದೇ ಸಿಗುವುದಿಲ್ಲ.

ನನ್ನ ಸಲಹೆಯೆಂದರೆ, ಅಲ್ಲಿಗೆ ತಲುಪಿ ನಿದ್ದೆಯ ಹೊತ್ತು ಸರಿಹೊಂದಿದ ಮೇಲೆ ಏಪ್ರಿಲ್‌ನಲ್ಲಿಯೇ ಹೋಗಿಬನ್ನಿ. ಮೊಮ್ಮಕ್ಕಳಿಗೆ ಒಂದೆರಡು ದಿನ ಶಾಲೆ ತಪ್ಪಿದರೆ ತಪ್ಪಲಿ. ಇದನ್ನು ಮಾಸ್ತರರಿಗೆ ಹೇಳುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ವಾರದ ನಡುವೆ ಹೋಗುವುದು ಇನ್ನೂ ಒಳ್ಳೆಯದು. ವಸಂತಕಾಲದ ಶನಿವಾರ ಮತ್ತು ರವಿವಾರ ಪ್ರವೇಶದ್ವಾರದಲ್ಲಿ ಕಾರುಗಳ ಸಾಲು ನಿಲ್ಲುತ್ತದೆ, ಒಳಗೆ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಬೇಕಾಗುತ್ತದೆ. ಅಲ್ಲದೆ ರವಿವಾರ ಸಂಜೆ ಲಾಸ್ ವೇಗಸ್‌ನಿಂದ ಲಾಸ್ ಏಂಜಲೀಸ್‌ಗೆ ಮರಳುವ ಸುಮಾರು 430 ಕಿಲೋಮೀಟರ್ ಹೆದ್ದಾರಿಯಲ್ಲಿ ವಾಹನಗಳು ತೆವಳುತ್ತಿರುತ್ತವೆ.

ಉದ್ಯಾನವು ಲಾಸ್ ವೇಗಸ್‌ನಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್, ಒಂದು ತಾಸಿನ ದಾರಿ. ಅಂತರರಾಜ್ಯ ಹೆದ್ದಾರಿ 15ರಲ್ಲಿ 75ನೆಯ ನಿರ್ಗಮನದ ಬಳಿ ಮೊಆಪಾ ಪಯೂಟ್ ಎಂಬ ಮೂಲನಿವಾಸಿ ಜನರ ಪೆಟ್ರೋಲ್ ಬಂಕು ಮತ್ತು ಅಂಗಡಿ ಇದೆ. ಅಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡು, ನೀರು ಮತ್ತು ಬರ್ಫ ತೆಗೆದುಕೊಳ್ಳಿ. ಉದ್ಯಾನದ ಒಳಗೆ ಬಂಕು ಇಲ್ಲ, ಮೊಬೈಲ್ ಸಂಪರ್ಕವನ್ನೂ ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಅಕ್ಕನವರ ಮೊಣಕಾಲಿನ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ, ಏಕೆಂದರೆ ಈ ಉದ್ಯಾನದ ಅರ್ಧಕ್ಕಿಂತ ಹೆಚ್ಚು ಸೊಬಗು ರಸ್ತೆಯ ಮೇಲಿಂದಲೇ ಕಾಣುತ್ತದೆ. ಪಶ್ಚಿಮದ ದ್ವಾರ ದಾಟಿದ ಕೂಡಲೇ ಬೀಹೈವ್ಸ್ ಎಂಬ ತೂತುಬಿದ್ದ ಗುಡ್ಡಗಳು, ಮುಂದೆ ಅಟ್ಲಾಟಲ್ ಬಂಡೆ, ಅನಂತರ ಸಂದರ್ಶಕರ ಕೇಂದ್ರ ಬರುತ್ತವೆ. ಈ ಕೇಂದ್ರದ ಬಳಿ ಉತ್ತರಕ್ಕೆ ತಿರುಗಿ ವೈಟ್ ಡೋಮ್ಸ್‌ವರೆಗೆ ಹೋಗುವ ರಸ್ತೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಏರಿಳಿಯುತ್ತ ಹೋಗುವ ಆ ರಸ್ತೆಯ ಒಂದೊಂದು ತಿರುವಿನಲ್ಲಿಯೂ ಬಂಡೆಯ ಬಣ್ಣ ಬೇರೆಯಾಗುತ್ತದೆ, ರೇನ್‌ಬೋ ವಿಸ್ಟಾದಲ್ಲಿ ಕಾರು ನಿಲ್ಲಿಸಿ ಇಳಿದರೆ ಸಾಕು, ಮತ್ತೆಲ್ಲಿಗೂ ನಡೆಯಬೇಕಾಗಿಲ್ಲ. ಫೈರ್ ವೇವ್‌ಗೆ ಹೋಗಿ ಬರುವುದು 2.4 ಕಿಲೋಮೀಟರ್, ಹೋಗುವಾಗ ಇಳಿಜಾರು, ಬರುವಾಗ ಮರಳಿನಲ್ಲಿ ಏರು. ತಾವು ಮತ್ತು ಮೊಮ್ಮಕ್ಕಳು ಹೋಗಿಬನ್ನಿ, ಅಕ್ಕನವರು ಅದನ್ನು ಬಿಡುವುದು ಒಳಿತು. ವೈಟ್ ಡೋಮ್ಸ್ ಹಾದಿಯ ಆರಂಭದಲ್ಲಿಯೇ ಒರಟು ಕಲ್ಲುಗಳ ಮೇಲೆ ಕಡಿದಾಗಿ ಇಳಿಯಬೇಕು, ಆದ್ದರಿಂದ ಅದೂ ಅವರಿಗೆ ಹೇಳಿದ್ದಲ್ಲ.

ಒಂದು ವೇಳೆ ಜೂನ್ ತಪ್ಪಿಸಲಾಗದಿದ್ದರೆ, ಸೂರ್ಯೋದಯಕ್ಕೆ ದ್ವಾರ ತೆರೆಯುವ ಹೊತ್ತಿಗೆ ಅಲ್ಲಿದ್ದು, ಕಾರಿನಲ್ಲಿಯೇ ಸುತ್ತಿ, ಒಂಬತ್ತು ಗಂಟೆಯೊಳಗೆ ಹೊರಬಿದ್ದುಬಿಡಿ.

ಸಪ್ತಾಪುರದ ಕಲ್ಲುಮರುಳ, ಧಾರವಾಡ

ಮಾಸ್ತರರ ಮನೆಯವರು ಕೇಳಿದ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆಯಾಗಿರುವುದರಿಂದ, ಭೂವಿಜ್ಞಾನ ಓದಿದ ನಾನು ಅದಕ್ಕಷ್ಟೇ ಉತ್ತರಿಸುತ್ತೇನೆ. ಎರಡೂ ಕಡೆಯ ಕಲ್ಲು ಮರಳುಗಲ್ಲೇ, ಎರಡೂ ಕಡೆಯ ಕೆಂಪು ಕಬ್ಬಿಣದ ಆಕ್ಸೈಡಿನದೇ. ಅಷ್ಟಕ್ಕೆ ಹೋಲಿಕೆ ಮುಗಿಯಿತು.

ಬಾದಾಮಿಯ ಬಂಡೆಗಳಾದದ್ದು ಬಹುಮಟ್ಟಿಗೆ ನದಿಗಳು ತಂದು ಹರಡಿದ ಮರಳಿನಿಂದ. ಅವು 50 ಕೋಟಿ ವರ್ಷಗಳಿಗೂ ಹೆಚ್ಚು ಹಳೆಯವು. ಆ ಮರಳು ಬೀಳುವಾಗ ನೆಲದ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ. ಬಾದಾಮಿಯ ಗುಡ್ಡದಲ್ಲಿ ಪದರುಗಳು ಹೆಚ್ಚುಕಡಿಮೆ ಅಡ್ಡಲಾಗಿ, ಒಂದರ ಮೇಲೊಂದು ಮಲಗಿವೆ. ಗಟ್ಟಿ ಪದರವನ್ನು ಛಾವಣಿಯಾಗಿ ಉಳಿಸಿಕೊಂಡು ಅದರ ಕೆಳಗೆ ಕೊರೆಯುತ್ತ ಹೋಗಲು ಚಾಲುಕ್ಯರ ಶಿಲ್ಪಿಗಳಿಗೆ ಅನುಕೂಲವಾದದ್ದು ಇದರಿಂದಲೇ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಛಾವಣಿಯನ್ನು ಮುಂದಿನ ಸಲ ಈ ದೃಷ್ಟಿಯಿಂದ ನೋಡಬೇಕು.

ವ್ಯಾಲಿ ಆಫ್ ಫೈರ್‌ನ ಕೆಂಪು ಕಲ್ಲನ್ನು ಆಜ್ಟೆಕ್ ಮರಳುಗಲ್ಲು ಎಂದು ಕರೆಯುತ್ತಾರೆ. ಜುರಾಸಿಕ್ ಕಾಲದಲ್ಲಿ, ಅಂದರೆ 15 ಕೋಟಿ ವರ್ಷಗಳಿಗೂ ಹಿಂದೆ, ಅಲ್ಲಿ ಗಾಳಿ ಒಟ್ಟಿದ ಮರಳುದಿಬ್ಬಗಳ ಮಹಾ ಮರುಭೂಮಿ ಇತ್ತು. ಪಕ್ಕದ ಯೂಟಾ ರಾಜ್ಯದ ಜಯಾನ್ ಕಣಿವೆಯ ಎತ್ತರದ ಗೋಡೆಗಳೂ ಅದೇ ಮರಳುಗಾಡಿನ ಭಾಗ. ಇದಕ್ಕೆ ಸಾಕ್ಷಿ ಬಂಡೆಯ ಮೈಮೇಲೆಯೇ ಇದೆ. ಕಣದಲ್ಲಿ ಜೋಳದ ರಾಶಿ ಎತ್ತರಿಸುತ್ತ ಹೋದಂತೆ ಕಾಳು ಒಂದು ನಿರ್ದಿಷ್ಟ ಓರೆಯಲ್ಲಿ ಜಾರಿ ನಿಲ್ಲುವುದಲ್ಲವೇ, ಹಾಗೆಯೇ ದಿಬ್ಬದ ಗಾಳಿಮರೆಯ ಬದಿಯಲ್ಲಿ ಮರಳು ಪದರು ಪದರಾಗಿ ಓರೆಯಾಗಿ ಜಾರಿ ನಿಂತಿದೆ. ಗಾಳಿ ದಿಕ್ಕು ಬದಲಿಸಿದಾಗ ಹಳೆಯ ದಿಬ್ಬದ ನೆತ್ತಿ ಹಾರಿಹೋಗಿ, ಉಳಿದ ಬುಡದ ಮೇಲೆ ಹೊಸ ದಿಬ್ಬ ಬೇರೊಂದು ಓರೆಯಲ್ಲಿ ಕುಳಿತಿದೆ. ಹೀಗೆ ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳು ಅಲ್ಲಿನ ಹೆಚ್ಚಿನ ಬಂಡೆಗಳಲ್ಲಿಯೂ ಎದ್ದು ಕಾಣುತ್ತವೆ. ನದಿಯ ಮರಳಿನಲ್ಲಿಯೂ ಓರೆ ಪದರುಗಳು ಇರುತ್ತವೆ, ಬಾದಾಮಿಯಲ್ಲಿಯೂ ಇವೆ. ಆದರೆ ಅವು ಚಿಕ್ಕವು. ಇವು ಆಳೆತ್ತರವನ್ನು ಮೀರಿ ಹೋಗುತ್ತವೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. ಮರಳು ಹೂತುಹೋಗಿ ಕಲ್ಲಾಗುವ ಹೊತ್ತಿಗೆ ಕಣಗಳ ಸುತ್ತ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಲೇಪವಾಗಿ ಇಡೀ ಕಲ್ಲು ಕೆಂಪಾಯಿತು. ಬಹುಕಾಲದ ನಂತರ ಬಿರುಕುಗಳ ಮೂಲಕ ಹರಿದ ಅಂತರ್ಜಲವು ಕೆಲವು ಕಡೆ ಆ ಕಬ್ಬಿಣವನ್ನು ಕರಗಿಸಿ ಒಯ್ದಿತು. ಅಲ್ಲಿ ಕಲ್ಲು ಬೆಳ್ಳಗಾಯಿತು. ಒಯ್ದ ಕಬ್ಬಿಣವನ್ನು ಮತ್ತೊಂದು ಕಡೆ ಇಳಿಸಿತು. ಅಲ್ಲಿ ಹಳದಿ, ಕಂದು, ನೇರಳೆ ಛಾಯೆಗಳು ಮೂಡಿದವು. ಆದ್ದರಿಂದ ಫೈರ್ ವೇವ್‌ನ ಪಟ್ಟೆಗಳಲ್ಲಿ ಎರಡು ಕಾಲಗಳ ಕೆಲಸ ಒಟ್ಟಿಗೆ ಕಾಣುತ್ತದೆ: ಗೆರೆ ಗಾಳಿಯದು, ಬಣ್ಣ ನೀರಿನದು. ನಮ್ಮ ಕಪ್ಪತಗುಡ್ಡದ ಕೆಂಪೂ ಕಬ್ಬಿಣದ್ದೇ ಆದರೂ, ಅಲ್ಲಿಯ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದಿನದು, ಹುಟ್ಟಿದ ಬಗೆಯೇ ಬೇರೆ.

ಮಾಸ್ತರರ ಕರಿಹಲಗೆಯ ಬಗ್ಗೆ ಒಂದು ಮಾತು. ನಮ್ಮ ಶಾಲಾ ಪಾಠಗಳು ಮರುಭೂಮಿಯ ಬಂಡೆಗಳ ಆಕಾರಕ್ಕೆ ಗಾಳಿಯನ್ನೇ ಮುಖ್ಯ ಕಾರಣವೆಂದು ಹೇಳಿಕೊಡುತ್ತವೆ. ಈ ಉದ್ಯಾನದಲ್ಲಿ ಗಾಳಿ ಕಲ್ಲನ್ನು ಕಟ್ಟಿದೆ ನಿಜ, ಕೆತ್ತಿದ ಕೆಲಸದಲ್ಲಿ ಮಾತ್ರ ನೀರಿನ ಪಾಲೇ ದೊಡ್ಡದು. ಅಪರೂಪಕ್ಕೆ ಬರುವ ಮಳೆ ಒಮ್ಮೆಲೇ ರಭಸದಿಂದ ಹರಿದು ಬಿರುಕುಗಳನ್ನು ಅಗಲಿಸುತ್ತದೆ. ಕಲ್ಲಿನೊಳಗೆ ಇಂಗಿದ ತೇವ ಆರುವಾಗ ಉಪ್ಪು ಹರಳುಗಟ್ಟಿ, ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಒಮ್ಮೆ ಗುಳಿ ಬಿದ್ದರೆ ಅದರ ನೆರಳಿನಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಗುಳಿ ಇನ್ನೂ ಆಳವಾಗುತ್ತದೆ. ಬೀಹೈವ್ಸ್‌ನ ತೂತುಗಳಿಗೂ ಆನೆಬಂಡೆಯ ಕಮಾನಿಗೂ ಹೀಗೆ ಕಣಕಣವಾಗಿ ಉದುರಿದ್ದೇ ಕಾರಣ. ಬಾದಾಮಿ ಸಮೀಪದ ಸಿಡಿಲಪಡಿಯ ಸಹಜ ಕಮಾನನ್ನು ನೋಡಿದ್ದರೆ ಈ ಮಾತು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ.

ಕೊನೆಯದಾಗಿ, ಕೆಂಪು ಬಂಡೆಗಳ ಸುತ್ತ ನಿಂತಿರುವ ಬೂದುಬಣ್ಣದ ಸುಣ್ಣಕಲ್ಲಿನ ಬೆಟ್ಟಗಳನ್ನು ಯಾರೂ ಚಿತ್ರ ತೆಗೆಯುವುದಿಲ್ಲ. ಅವು ಕೆಂಪು ಕಲ್ಲಿಗಿಂತ ಬಹಳ ಹಳೆಯವು, ಆದರೂ ಕೆಲವೆಡೆ ಅದರ ಮೇಲೆ ಕುಳಿತಿವೆ. ಭೂಚಿಪ್ಪಿನ ಒತ್ತಡಕ್ಕೆ ಹಳೆಯ ಸುಣ್ಣಕಲ್ಲಿನ ಹಾಸು ಸೀಳಿ, ಹೊಸ ಮರಳುಗಲ್ಲಿನ ಮೇಲೆ ಜಾರಿಬಂದು ನಿಂತದ್ದರ ಫಲವಿದು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಪಾಠದ ನಿಯಮ ತಲೆಕೆಳಗಾದ ಜಾಗವನ್ನು ಭೂಗೋಳದ ಮಾಸ್ತರರು ಕಣ್ಣಾರೆ ನೋಡಲೇಬೇಕು.

ಮಾಳಮಡ್ಡಿ ಮಾಸ್ತರ, ಧಾರವಾಡ

ಇಬ್ಬರಿಗೂ ಕೃತಜ್ಞತೆಗಳು. ಕಲ್ಲುಮರುಳರ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಮನೆಯವರು ಹೋಗಲು ಒಪ್ಪಿದ್ದಾರೆ, ಏಪ್ರಿಲ್‌ನಲ್ಲಾದರೆ ಮಾತ್ರ ಎಂಬ ಕರಾರಿನೊಂದಿಗೆ. ಅಳಿಯಂದಿರೂ ರಜೆಗೆ ಪ್ರಯತ್ನಿಸುವುದಾಗಿ ಹೇಳಿದ್ದಾರೆ. ಇನ್ನೆರಡು ಸಂದೇಹಗಳಿವೆ. ಬಂಡೆಗಳ ಮೇಲೆ ಹಳೆಯ ಜನರು ಕೊರೆದ ಚಿತ್ರಗಳಿವೆಯಂತೆ, ಮೆಟ್ಟಿಲು ಹತ್ತದೆ ಅವುಗಳನ್ನು ನೋಡಲು ಸಾಧ್ಯವೇ? ಅಳಿಯಂದಿರ ಬಳಿ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಇದೆ, ಅದು ಇಲ್ಲಿ ನಡೆಯುತ್ತದೆಯೇ?

ಬೆಟಗೇರಿ ಸೊಸೆ, ಗದಗ

ಸರ್, ನಾವು ಅತ್ತೆ ಮಾವನವರನ್ನು ಒಂದು ನವೆಂಬರ್‌ನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಅತ್ತೆಯವರಿಗೂ ಮೊಣಕಾಲಿನದೇ ತೊಂದರೆ ಇದ್ದುದರಿಂದ ಚಿತ್ರಗಳ ಪ್ರಶ್ನೆಗೆ ಖಚಿತವಾಗಿ ಉತ್ತರಿಸಬಲ್ಲೆ.

ಅಟ್ಲಾಟಲ್ ಬಂಡೆಯ ಚಿತ್ರಗಳು ನೆಲದಿಂದ ಬಹಳ ಎತ್ತರದಲ್ಲಿದ್ದು, ಅಲ್ಲಿಗೆ ಹತ್ತಲು ಕಡಿದಾದ ಲೋಹದ ಮೆಟ್ಟಿಲು ಹಾಕಿದ್ದಾರೆ. ಬಿಲ್ಲುಬಾಣಕ್ಕಿಂತ ಮೊದಲು ಈಟಿಯನ್ನು ದೂರ ಎಸೆಯಲು ಬಳಸುತ್ತಿದ್ದ ಸಾಧನವೇ ಅಟ್ಲಾಟಲ್. ಅದರ ಚಿತ್ರ ಆ ಬಂಡೆಯ ಮೇಲಿದೆ. ಮಾವನವರು ಹತ್ತಿದರು, ಅತ್ತೆಯವರು ಕೆಳಗೆ ನೆರಳಿನ ಕಟ್ಟೆಯಲ್ಲಿ ಕುಳಿತರು. ಆದರೆ ಮೌಸಸ್ ಟ್ಯಾಂಕ್ ಎಂಬ ಹಾದಿಯಲ್ಲಿ ಅತ್ತೆಯವರೂ ನಡೆದರು. ಹೋಗಿ ಬರಲು ಒಟ್ಟು 1.2 ಕಿಲೋಮೀಟರ್, ಬಹುಮಟ್ಟಿಗೆ ಸಮತಟ್ಟು, ಎರಡೂ ಬದಿಯ ಗೋಡೆಗಳಲ್ಲಿ ಚಿತ್ರಗಳು. ತೊಡಕೆಂದರೆ ಮೆತ್ತನೆಯ ಮರಳು. ಕಾಲು ಹೂತು ಹೂತು ಬರುವುದರಿಂದ ಕೋಲು ಇರಲೇಬೇಕು, ಚಪ್ಪಲಿ ನಡೆಯುವುದಿಲ್ಲ. ಪೂರ್ತಿ ಹೋಗಲಾಗದಿದ್ದರೂ ಅರ್ಧ ದಾರಿಯಲ್ಲಿಯೇ ಸಾಕಷ್ಟು ಚಿತ್ರಗಳು ಸಿಗುತ್ತವೆ. ಕೊನೆಯಲ್ಲಿರುವುದು ಮಳೆನೀರು ನಿಲ್ಲುವ ಒಂದು ಕಲ್ಲಿನ ದೊಣೆ. 1890ರ ದಶಕದಲ್ಲಿ ಕಾನೂನಿನಿಂದ ತಲೆಮರೆಸಿಕೊಂಡಿದ್ದ ಪಯೂಟ್ ಜನಾಂಗದ ಒಬ್ಬಾತ ಅದರ ಆಸರೆಯಿಂದ ಬದುಕಿದ್ದನಂತೆ, ಹಾದಿಗೆ ಅವನದೇ ಹೆಸರು. ಮಳೆಯಾಗದ ದಿನಗಳಲ್ಲಿ ದೊಣೆಯೇನೂ ನೋಡುವಂಥದ್ದಲ್ಲ; ಮಧ್ಯದಿಂದ ಮರಳಿದರೆ ನಷ್ಟವಿಲ್ಲ.

ಇವು ಬಣ್ಣದ ಚಿತ್ರಗಳಲ್ಲ. ಬಂಡೆಯ ಹೊರಮೈಗೆ ಸಾವಿರಾರು ವರ್ಷಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಕಪ್ಪು ಲೇಪ ಕಟ್ಟಿಕೊಂಡಿರುತ್ತದೆ. ಅದನ್ನು ಕಲ್ಲಿನಿಂದ ಕುಟ್ಟಿ ತೆಗೆದಾಗ ಒಳಗಿನ ತಿಳಿಬಣ್ಣ ಕಾಣಿಸಿಕೊಂಡು ಚಿತ್ರವಾಗುತ್ತದೆ. ಕಾಡುಕುರಿಗಳು, ಮನುಷ್ಯರು, ಸುರುಳಿಗಳು ಎದ್ದು ಕಾಣುತ್ತವೆ. ಮುಟ್ಟಬಾರದು ಎಂದು ಮೊಮ್ಮಕ್ಕಳಿಗೆ ಮೊದಲೇ ಹೇಳಿರಿ, ಕೈಯ ಎಣ್ಣೆ ತಾಗಿದರೂ ಆ ಲೇಪ ಕೆಡುತ್ತದೆ. ನಮ್ಮ ಕಡೆಯ ಗುಡಿಗಳ ಗೋಡೆಗಳ ಮೇಲೆ ಪ್ರೇಮಿಗಳ ಹೆಸರು ಕೆತ್ತಿದ್ದನ್ನು ನೋಡಿ ಬೇಸತ್ತ ನನಗೆ ಅಲ್ಲಿಯೂ ಒಂದೆರಡು ಕಡೆ ಹೆಸರು ಕೆತ್ತಿದ್ದು ಕಂಡು, ಈ ರೋಗಕ್ಕೆ ದೇಶಭೇದವಿಲ್ಲ ಎನ್ನಿಸಿತು.

ಈ ಚಿತ್ರಗಳಲ್ಲಿ ಹಲವನ್ನು ಬರೆದ ಪ್ರಾಚೀನ ಪ್ಯೂಬ್ಲೊ ಜನರ ಬಗ್ಗೆ ತಿಳಿಯಬೇಕಿದ್ದರೆ, ಪೂರ್ವದ ದ್ವಾರದಿಂದ ಹೊರಬಿದ್ದು ಓವರ್ಟನ್ ಊರಿನ ಲಾಸ್ಟ್ ಸಿಟಿ ವಸ್ತುಸಂಗ್ರಹಾಲಯಕ್ಕೆ ಹೋಗಿರಿ. ಹೂವರ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅವರ ಹಳೆಯ ನೆಲೆಗಳು ಮುಳುಗಲಿದ್ದಾಗ, ಅಗೆದು ಉಳಿಸಿದ ವಸ್ತುಗಳಿಗಾಗಿ 1935ರಲ್ಲಿ ಕಟ್ಟಿದ ಸಂಗ್ರಹಾಲಯವದು. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆ ಹೋದದ್ದನ್ನು ಕಂಡ ನಮ್ಮ ಮಾವನವರು ಬಂಡೆಗಳಿಗಿಂತ ಹೆಚ್ಚು ಹೊತ್ತು ಅಲ್ಲಿಯೇ ನಿಂತರು. ಆ ದಾರಿಯಲ್ಲಿ ಆನೆಬಂಡೆಯೂ ಪೂರ್ವದ್ವಾರದ ಹತ್ತಿರವೇ ಸಿಗುತ್ತದೆ, ಸ್ವಲ್ಪ ನಡಿಗೆ ಸಾಕು.

ಊಟದ ವಿಷಯಕ್ಕೆ ಬಂದರೆ, ಒಳಗೆ ಹೋಟೆಲ್ ಇಲ್ಲ. ಅಟ್ಲಾಟಲ್ ಬಂಡೆ, ಸೆವೆನ್ ಸಿಸ್ಟರ್ಸ್, 1930ರ ದಶಕದ ಕಲ್ಲಿನ ಕೋಣೆಗಳಿರುವ ಕ್ಯಾಬಿನ್ಸ್, ಹೀಗೆ ಕೆಲವು ಕಡೆ ನೆರಳಿನ ಕಟ್ಟೆಗಳೂ ಶೌಚಾಲಯಗಳೂ ಇವೆ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಒಯ್ದಿದ್ದೆವು. ಆ ಒಣ ಹವೆಯಲ್ಲಿ ಕಡಕ್ ರೊಟ್ಟಿಯನ್ನು ಬರಿದೇ ತಿಂದರೆ ಗಂಟಲಿಗೆ ಇಳಿಯುವುದಿಲ್ಲ, ಮೆತ್ತಗಿನ ಚಪಾತಿಯೇ ಉತ್ತಮ.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಪಾಸಿನ ಪ್ರಶ್ನೆ ಉಳಿಯಿತು, ಅದನ್ನು ನಾನು ಹೇಳುತ್ತೇನೆ. ಅದು ನಡೆಯುವುದಿಲ್ಲ ಸರ್. ವ್ಯಾಲಿ ಆಫ್ ಫೈರ್ ನೆವಾಡಾ ರಾಜ್ಯ ಸರಕಾರದ ಉದ್ಯಾನ. 1930ರ ದಶಕದಲ್ಲಿ ಸ್ಥಾಪನೆಯಾದ, ಆ ರಾಜ್ಯದ ಎಲ್ಲಕ್ಕಿಂತ ಹಳೆಯ ಉದ್ಯಾನವೂ ಹೌದು. ಕೇಂದ್ರ ಸರಕಾರದ ರಾಷ್ಟ್ರೀಯ ಉದ್ಯಾನಗಳ ಪಾಸು ಅಲ್ಲಿ ಲೆಕ್ಕಕ್ಕಿಲ್ಲ. ಶುಲ್ಕ ತಲೆಗಲ್ಲ, ವಾಹನಕ್ಕೆ. ನೆವಾಡಾ ನೋಂದಣಿಯ ಕಾರಿಗೆ ಕಡಿಮೆ, ಹೊರರಾಜ್ಯದ ಕಾರಿಗೆ ತುಸು ಹೆಚ್ಚು. ಅಳಿಯಂದಿರ ಕಾರು ಕ್ಯಾಲಿಫೋರ್ನಿಯಾದ್ದಾದ್ದರಿಂದ ಎರಡನೆಯ ದರ ಅನ್ವಯಿಸುತ್ತದೆ. ಹೊರಡುವ ಹಿಂದಿನ ದಿನ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ದರವನ್ನೂ ಆ ದಿನ ಮುಚ್ಚಿರುವ ಹಾದಿಗಳ ಪಟ್ಟಿಯನ್ನೂ ನೋಡಿಕೊಳ್ಳಿ.

ಬೆಳಕಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ನಡುಹಗಲಿನಲ್ಲಿ ಬಂಡೆಗಳು ಕಳೆಗುಂದಿ ಕಾಣುತ್ತವೆ, ಅಂತರ್ಜಾಲದ ಚಿತ್ರಗಳ ಬಣ್ಣ ಆಗ ಹುಡುಕಿದರೂ ಸಿಗುವುದಿಲ್ಲ. ಬೆಳಗಿನ ಮೊದಲ ಎರಡು ತಾಸು ಅಥವಾ ಸಂಜೆಯ ಕೊನೆಯ ಎರಡು ತಾಸು ಫೈರ್ ವೇವ್ ಮತ್ತು ವೈಟ್ ಡೋಮ್ಸ್ ರಸ್ತೆಗೆ ಇಟ್ಟುಕೊಂಡು, ಸಂದರ್ಶಕರ ಕೇಂದ್ರ, ಊಟ, ಓವರ್ಟನ್ ಇವನ್ನೆಲ್ಲ ನಡುಹಗಲಿಗೆ ತಳ್ಳಿರಿ. ಅಲ್ಲಿಯೇ ಡೇರೆ ಹಾಕಿ ತಂಗುವವರನ್ನು ಬಿಟ್ಟರೆ ಉಳಿದವರೆಲ್ಲ ಸೂರ್ಯಾಸ್ತಕ್ಕೆ ಹೊರಗಿರಬೇಕೆಂಬುದು ನಿಯಮ, ಆದ್ದರಿಂದ ನಾನಾದರೆ ಬೆಳಗನ್ನೇ ಆರಿಸಿಕೊಳ್ಳುತ್ತೇನೆ.

ವರದಾ ತೀರ, ಹಾವೇರಿ

ಮೇಲಿನವರು ಮಳೆಯಿಂದಾಗುವ ಅಪಾಯದ ಬಗ್ಗೆ ಹೇಳಿಲ್ಲ. ಏಪ್ರಿಲ್‌ನಲ್ಲಿ ಮಳೆ ಅಪರೂಪವಾದರೂ, ಬಂದ ಮರುದಿನ ಮೊಮ್ಮಕ್ಕಳನ್ನು ಬಂಡೆ ಹತ್ತಲು ಬಿಡಬಾರದು. ಮರಳುಗಲ್ಲು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ಗಟ್ಟಿಯಾಗಿ ಕಾಣುವ ಅಂಚು ಕೈಗೆ ಕಿತ್ತು ಬರುತ್ತದೆ. ದೂರದಲ್ಲಿ ಮೋಡ ಕಪ್ಪಾಗಿದ್ದರೂ ಇಕ್ಕಟ್ಟಾದ ಕಣಿವೆಗಳಿಗೆ ಇಳಿಯಬೇಡಿ. ನೀವಿದ್ದಲ್ಲಿ ಹನಿ ಬೀಳದೆಯೇ ಮೇಲಿನಿಂದ ನೀರು ನುಗ್ಗಬಹುದು. ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಲೆಕ್ಕ ಹಾಕಿ ಕಾರಿನಲ್ಲಿಡಿ. ಅಳಿಯಂದಿರ ಬಳಿ ಡ್ರೋನ್ ಇದ್ದರೆ ಅದನ್ನು ಮನೆಯಲ್ಲಿಯೇ ಬಿಟ್ಟು ಬರಲು ಹೇಳಿರಿ, ಉದ್ಯಾನದಲ್ಲಿ ಅದಕ್ಕೆ ಅನುಮತಿ ಇಲ್ಲ.